25 ಮೀಟರ್, 50 ಮೀಟರ್, ಡೈವಿಂಗ್ ಹಲಗೆ: ದಾವಣಗೆರೆಯಿಂದ ಹೋಗಿ ಈಜಿ ನೋಡಿದ್ದು

ಮಗು ಚೆನ್ನಾಗಿ ಈಜುತ್ತೆ, ಸ್ಪರ್ಧೆಗೆ ತಯಾರು ಮಾಡಬೇಕು, ಇಲ್ಲೇ ಇರೋಣವಾ ಬೆಂಗಳೂರಿಗೆ ಕಳಿಸೋಣವಾ ಅಂತ ದಾವಣಗೆರೆಯಲ್ಲಿ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಲೇ ಇರುತ್ತಾರೆ. ನಾನು ಕಾಲೇಜು ದಿನಗಳಿಂದ ಫ್ರೀಸ್ಟೈಲ್ ಈಜುತ್ತಿದ್ದೇನೆ. ಅಕ್ಕನ ಮಗಳದು ಬ್ಯಾಕ್‌ಸ್ಟ್ರೋಕ್, ಅಂದರೆ ಅಂಗಾತ ಮಲಗಿ ಈಜುವುದು. ನಮ್ಮೂರಿನಲ್ಲಿ ನಾವು ದಿನಾ ಹೋಗುವ 25 ಮೀಟರ್ ಕೊಳ, ಮೈಸೂರು ವಿಶ್ವವಿದ್ಯಾನಿಲಯದ ಸರಸ್ವತಿಪುರಂ ಕೊಳ, ಬೆಂಗಳೂರಿನ ಬಸವನಗುಡಿ ಈಜು ಕೇಂದ್ರ, ಈ ಮೂರರಲ್ಲೂ ಇಬ್ಬರೂ ಈಜಿ ನೋಡಿದ್ದೇವೆ.

ಭದ್ರಾ ನಾಲೆಯನ್ನು ನಾನು ಈ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಕಡೆ ಎಷ್ಟೋ ಜನ ಈಜು ಕಲಿತದ್ದು ಅಲ್ಲೇ, ನಿಜ. ಆದರೆ ನೀರಿನ ಸೆಳೆತ, ಪಾಚಿ ಕಟ್ಟಿ ಜಾರುವ ಇಳಿಜಾರು ದಂಡೆ, ಹತ್ತಲು ಹಿಡಿತವೇ ಸಿಗುವುದಿಲ್ಲ. ಮಕ್ಕಳನ್ನು ಅಲ್ಲಿಗೆ ಕಳಿಸಬೇಡಿ.

ಮೊದಲು ನಮ್ಮೂರ ಕೊಳ. ಚಿಕ್ಕದು ಅಂತ ಇದನ್ನು ಕಡೆಗಣಿಸುವವರೇ ಜಾಸ್ತಿ. ನನಗೆ ಹಾಗನ್ನಿಸುವುದಿಲ್ಲ. 100 ಮೀಟರ್ ಈಜಿದರೆ ಇಲ್ಲಿ ಮೂರು ಟರ್ನ್ (ಗೋಡೆಯ ಹತ್ತಿರ ತಿರುಗುವುದು) ಸಿಗುತ್ತವೆ, 50 ಮೀಟರ್ ಕೊಳದಲ್ಲಿ ಒಂದೇ. 200 ಮೀಟರ್‌ಗೆ ಇಲ್ಲಿ ಏಳು, ಅಲ್ಲಿ ಮೂರು. ಗೋಡೆ ಒದ್ದು, ಕೈ ಚಾಚಿ, ನೀರಿನೊಳಗೆ ಎರಡೂ ಕಾಲು ಜೋಡಿಸಿ ಡಾಲ್ಫಿನ್ ಕಿಕ್ ಹೊಡೆದು ಮೇಲೆ ಬರುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಬೆಳಿಗ್ಗೆ ಈಜಿ, ತಿಂಡಿ ತಿಂದು, ಮಗು ಸಮಯಕ್ಕೆ ಸರಿಯಾಗಿ ಶಾಲೆಗೂ ಹೋಗುತ್ತದೆ. ದಿನಾ ನೀರಿಗಿಳಿಯುವುದರ ಮುಂದೆ ಉಳಿದದ್ದೆಲ್ಲ ಆಮೇಲೆ.

ಕೊರತೆಗಳೂ ಇವೆ. ಬ್ಯಾಕ್‌ಸ್ಟ್ರೋಕ್‌ನವರಿಗೆ ಗೋಡೆಗೆ 5 ಮೀಟರ್ ಮೊದಲು ತಲೆಯ ಮೇಲೆ ಬಾವುಟದ ಹಗ್ಗ ಇರಬೇಕು. ಅದು ಕಂಡ ಮೇಲೆ ಇಷ್ಟು ಕೈ ಅಂತ ಎಣಿಸಿಕೊಂಡು ಟರ್ನ್ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಇರಲಿಲ್ಲ. ಹುಡುಗಿ ತಲೆ ಹೊಡೆದುಕೊಳ್ಳುವ ಭಯಕ್ಕೆ ಗೋಡೆ ಹತ್ತಿರ ಬರುತ್ತಿದ್ದಂತೆ ನಿಧಾನ ಮಾಡುತ್ತಿದ್ದಳು. ಕೊನೆಗೆ ನಾವೇ ಎರಡು ಕಂಬ ನಿಲ್ಲಿಸಿ, ಅಳತೆ ಹಿಡಿದು ಹಗ್ಗ ಕಟ್ಟಿದೆವು. ಒಂದೇ ವಾರದಲ್ಲಿ ಭಯ ಹೋಯಿತು.

ಇನ್ನೊಂದು ಆಳದ ವಿಷಯ. ಬ್ಲಾಕ್ (ಸ್ಪರ್ಧೆ ಶುರುಮಾಡಲು ನಿಲ್ಲುವ ಕಟ್ಟೆ) ಮೇಲಿಂದ ಧುಮುಕಲು ಗೋಡೆಯಿಂದ 1 ಮೀಟರ್‌ನಿಂದ 6 ಮೀಟರ್‌ವರೆಗೆ ಕನಿಷ್ಠ 1.35 ಮೀಟರ್ ನೀರು ಬೇಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ಅಂದರೆ ಸುಮಾರು ನಾಲ್ಕೂವರೆ ಅಡಿ. ಆಳ ಕಡಿಮೆ ಇರುವ ತುದಿಯಿಂದ ಮಕ್ಕಳನ್ನು ಧುಮುಕಿಸಬೇಡಿ, ಯಾರೇ ಹೇಳಲಿ. ಕುತ್ತಿಗೆಗೆ ಏಟು ಬಿದ್ದರೆ ಅದು ಜೀವನಪೂರ್ತಿ ಕಾಡುತ್ತದೆ.

ಮೈಸೂರಿಗೆ ಹೋಗುವುದು ಸುಲಭ. ವಿಶ್ವಮಾನವ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲೇ ಇಳಿಯಬಹುದು. ಅಲ್ಲಿನ ಕೊಳ 50 ಮೀಟರ್. ಆ ಉದ್ದವನ್ನು ಮೈಯಲ್ಲಿ ಅನುಭವಿಸಿದ ಮೇಲೇ ಗೊತ್ತಾಗುವುದು. ಮೊದಲ 25 ಎಂದಿನಂತೆ ಆಯಿತು. ಮೈ ತಾನಾಗಿ ಗೋಡೆ ಹುಡುಕುತ್ತದೆ, ಗೋಡೆ ಬರುವುದಿಲ್ಲ. 35 ದಾಟುವಾಗ ಭುಜ ಭಾರವಾಗಿ ಮೊಣಕೈ ಕೆಳಗಿಳಿಯುತ್ತದೆ. ನಮ್ಮ ಹುಡುಗಿ ಮೊದಲ ಲ್ಯಾಪ್ ಮುಗಿಸಿ, ಗೋಡೆ ಹಿಡಿದು ಕೇಳಿದ್ದು: "ಮಾವ, ಇದು ಮುಗಿಯೋದೇ ಇಲ್ವಾ?"

ಅವಳಿಗೆ ಇನ್ನೊಂದು ತೊಂದರೆಯೂ ಆಯಿತು. ನಮ್ಮೂರ ಕೊಳಕ್ಕೆ ಶೀಟ್ ಹೊದಿಸಿದ್ದಾರೆ. ಅದರ ಕಬ್ಬಿಣದ ಪಟ್ಟಿ ನೋಡಿಕೊಂಡು ನೇರ ಹೋಗುತ್ತಿದ್ದಳು. ಅಲ್ಲಿ ಮೇಲೆ ಬರೀ ಆಕಾಶ. ಓರೆಯಾಗಿ ಹೋಗಿ ಲೇನ್ ಹಗ್ಗದ ಬಿಲ್ಲೆಗಳಿಗೆ ಕೈ ತರಚಿಕೊಂಡಳು. ಹಗ್ಗ ಕಣ್ಣಂಚಿನಲ್ಲಿ ಒಂದೇ ದೂರದಲ್ಲಿ ಕಾಣುವಂತೆ ಈಜಬೇಕು ಅನ್ನುವುದು ಅಲ್ಲಿ ಈಜುತ್ತಾ ಈಜುತ್ತಾ ಬಂತು. ಊರಲ್ಲೇ ಇದ್ದಿದ್ದರೆ ಇದು ಸ್ಪರ್ಧೆಯ ದಿನ ಗೊತ್ತಾಗುತ್ತಿತ್ತು.

ಟೈಮಿಂಗ್ ವಿಷಯದಲ್ಲಿ ತುಂಬಾ ಮನೆಗಳಲ್ಲಿ ಬೇಜಾರಾಗುವುದನ್ನು ನೋಡಿದ್ದೇನೆ. ಊರಲ್ಲಿ ತೆಗೆದ ಟೈಮಿಂಗ್ 50 ಮೀಟರ್ ಕೊಳದಲ್ಲಿ ಬರುವುದಿಲ್ಲ. ಅದು ಮಗುವಿನ ತಪ್ಪಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ 50 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದ ಕ್ಯಾಮರಾನ್ ಮೆಕೆವೊಯ್ ತೆಗೆದುಕೊಂಡಿದ್ದು 21.25 ಸೆಕೆಂಡ್. ಅದೇ ವರ್ಷ ಡಿಸೆಂಬರ್‌ನಲ್ಲಿ ಬುಡಾಪೆಸ್ಟ್‌ನ 25 ಮೀಟರ್ ಕೊಳದಲ್ಲಿ ಜೋರ್ಡನ್ ಕ್ರೂಕ್ಸ್ ಅಷ್ಟೇ ದೂರವನ್ನು 19.90ಕ್ಕೆ ಮುಗಿಸಿದರು. ಈಜಿದವರು ಬೇರೆಯವರೇ. ಆದರೂ ನಡುವೆ ಒಂದು ಗೋಡೆ ಒದೆಯಲು ಸಿಕ್ಕರೆ ಎಷ್ಟು ಲಾಭ ನೋಡಿ. ಅದಕ್ಕೇ ನಮ್ಮೂರ ಟೈಮಿಂಗ್ ಇಟ್ಟುಕೊಂಡು ಅರ್ಹತೆಯ ಲೆಕ್ಕ ಹಾಕಬೇಡಿ.

ಬಸವನಗುಡಿಯಲ್ಲೂ ಕೊಳ 50 ಮೀಟರ್. ಉದ್ದ ಮೈಸೂರಿನಷ್ಟೇ ಆದರೂ ಪಕ್ಕದ ಲೇನ್‌ನಲ್ಲಿ ಇರುವವರು ಬೇರೆ. ನಿಮ್ಮ ಮಗಳ ವಯಸ್ಸಿನವರೇ ರಾಷ್ಟ್ರೀಯ ಕೂಟದ ಟೈಮಿಂಗ್‌ನಲ್ಲಿ ಪಕ್ಕದಲ್ಲಿ ದಾಟಿ ಹೋಗುತ್ತಾರೆ. ನಿಶಾ ಮಿಲ್ಲೆಟ್‌ರಿಂದ ಹಿಡಿದು ಶ್ರೀಹರಿ ನಟರಾಜ್, 14ನೇ ವಯಸ್ಸಿಗೇ ಪ್ಯಾರಿಸ್‌ಗೆ ಹೋದ ಧಿನಿಧಿ ದೇಸಿಂಘುವರೆಗೆ ನಮ್ಮ ರಾಜ್ಯದ ಒಲಿಂಪಿಕ್ ಈಜುಗಾರರು ತಯಾರಾದದ್ದು ಬೆಂಗಳೂರಿನಲ್ಲೇ. ಆ ಪೈಪೋಟಿಗೆ ಬದಲಿ ಇಲ್ಲ. ಆದರೆ ಅದಕ್ಕಾಗಿ ಮನೆಯವರಲ್ಲಿ ಒಬ್ಬರು ಅಲ್ಲಿ ಬಾಡಿಗೆ ಮನೆ ಮಾಡಬೇಕು, ಮಗು ಶಾಲೆ ಬದಲಾಯಿಸಬೇಕು. ರಾಜ್ಯ ಮಟ್ಟದಲ್ಲಿ ಫೈನಲ್‌ಗೆ ಬರುವ ಮಗುವಿಗಾದರೆ ಮಾಡಿ. ಅದಕ್ಕೂ ಮೊದಲೇ ಬೇಡ ಅನ್ನುತ್ತೇನೆ.

ಹಾಗಾಗಿ ನಮ್ಮ ಮನೆಯಲ್ಲಿ ನಡೆದಿರುವ ಕ್ರಮ ಇದು. ವರ್ಷಪೂರ್ತಿ ಊರ ಕೊಳ, ಕೂಟಕ್ಕೆ ಎರಡು ಮೂರು ವಾರ ಇರುವಾಗ ಮೈಸೂರು. ಮೈಸೂರಿನಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ವಿಶ್ವವಿದ್ಯಾನಿಲಯದ ಕೊಳದಲ್ಲಿ ಓದು, ಈಜು ಎರಡೂ ಒಟ್ಟಿಗೆ ಸಾಗಬಹುದು ಅಂತ ಹುಡುಗಿ ಕಣ್ಣಾರೆ ಕಂಡಳು.

ಡೈವಿಂಗ್ ಆಸೆ ಇರುವವರಿಗೆ ಮಾತ್ರ ನಾನು ಬೆಂಗಳೂರು ಅನ್ನುತ್ತೇನೆ. ಹಲಸೂರಿನ ಕೆನ್ಸಿಂಗ್ಟನ್ ಕೊಳಕ್ಕೆ ಹೋಗಿ ನೋಡಿ. ನಾನು ಹತ್ತಿ ನೋಡಿದ್ದು 1 ಮೀಟರ್ ಸ್ಪ್ರಿಂಗ್ ಹಲಗೆ ಮಾತ್ರ. ಹಲಗೆಯ ಕೆಳಗೆ ಒಂದು ಚಕ್ರ ಇರುತ್ತದೆ, ಅದನ್ನು ಕಾಲಿನಿಂದ ಉರುಳಿಸಿ ಹಿಂದೆ ಮುಂದೆ ಮಾಡಿದರೆ ಪುಟಿತ ಹೆಚ್ಚು ಕಡಿಮೆ ಆಗುತ್ತದೆ. ತುದಿಯಲ್ಲಿ ನಿಂತರೆ ತಿಳಿನೀರಿನ ಮೇಲ್ಮೈ ಎಲ್ಲಿದೆ ಅಂತಲೇ ಕಣ್ಣಿಗೆ ಸಿಗುವುದಿಲ್ಲ. ದೊಡ್ಡ ಕೂಟಗಳಲ್ಲಿ ನೀರು ಚಿಮುಕಿಸಿ ಅಲೆ ಎಬ್ಬಿಸುವುದು ಇದಕ್ಕೇ. 10 ಮೀಟರ್ ಮೇಲಿಂದ ಬೀಳುವವರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ನೀರು ಸೇರುತ್ತಾರೆ. ಅದಕ್ಕೆ 5 ಮೀಟರ್ ಆಳ ಬೇಕು. ಮಾಮೂಲಿ ಕೊಳದಲ್ಲಿ ಇದನ್ನು ಪ್ರಯತ್ನಿಸುವ ಮಾತೇ ಇಲ್ಲ.

ನಮ್ಮ ಭಾಗದ ಮಕ್ಕಳಿಗೂ ಇಂಥ ಒಂದು ವಿಶ್ವವಿದ್ಯಾನಿಲಯದ ಈಜು ಕೇಂದ್ರ ಬೇಕು ಅಂತ ನನಗೆ ತುಂಬಾ ಆಸೆ. ನೀರೆಲ್ಲಿಂದ ತರ್ತೀರಿ ಅಂತ ಕೇಳುತ್ತಾರೆ. 50 ಮೀಟರ್ ಉದ್ದ, 25 ಅಗಲ, 2 ಆಳ ಅಂದರೆ 25 ಲಕ್ಷ ಲೀಟರ್. ಅದನ್ನೇನೂ ದಿನಾ ಬದಲಾಯಿಸುವುದಿಲ್ಲ, ಅದೇ ನೀರನ್ನು ಫಿಲ್ಟರ್ ಮಾಡಿ ಮತ್ತೆ ಬಿಡುತ್ತಾರೆ. ಆವಿಯಾದಷ್ಟು, ಫಿಲ್ಟರ್ ತೊಳೆದಷ್ಟು ತುಂಬಿಸಿದರೆ ಆಯಿತು. ಕಟ್ಟುವವರು ಡೈವಿಂಗ್ ಗುಂಡಿಯನ್ನು ಮೊದಲೇ ಬೇರೆಯಾಗಿ ತೋಡಿಸಿಬಿಡಲಿ. ಒಮ್ಮೆ ಟೈಲ್ಸ್ ಹಾಕಿದ ಕೊಳವನ್ನು ಆಮೇಲೆ 5 ಮೀಟರ್‌ಗೆ ಇಳಿಸಲು ಆಗುವುದಿಲ್ಲ.