ಸರಸ್ವತಿಪುರಂ ಮನೆಯಲ್ಲಿ ವಾರ್ಫ್‌ಡೇಲ್ ಲಿಂಟನ್: ಯಾವ ಆಂಪ್ಲಿಫೈಯರ್ ಜೊತೆ, ಯಾರ ಕಿವಿಗೆ

ಲಿಂಟನ್ ಸ್ಪೀಕರ್ ಜೋಡಿ ನಮ್ಮ ನಡುಮನೆಗೆ ಬಂದಾಗಿನಿಂದ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಎಷ್ಟು ವಾಟ್ಸು?’ ವಾಟ್ಸ್ ಕೊಡುವುದು ಆಂಪ್ಲಿಫೈಯರು, ಸ್ಪೀಕರ್ ಅದನ್ನು ತಡೆದುಕೊಳ್ಳುತ್ತೆ ಅಷ್ಟೆ ಅಂತ ನಾನು ಶುರುಮಾಡುವಷ್ಟರಲ್ಲಿ ನನ್ನ ಹೆಂಡತಿ ಕಾಫಿ ತಂದು ಅವರನ್ನು ಪಾರುಮಾಡುತ್ತಾಳೆ. ನಿಮ್ಮನ್ನು ಪಾರುಮಾಡುವವರು ಇಲ್ಲಿ ಯಾರೂ ಇಲ್ಲ.

ಮೊದಲು ವಸ್ತುವಿನ ವಿಷಯ. 1965ರಲ್ಲಿ ಮೊದಲು ಬಂದ ಲಿಂಟನ್ ಹೆಸರನ್ನು ವಾರ್ಫ್‌ಡೇಲ್ 2019ರಲ್ಲಿ ಮತ್ತೆ ತಂದಿತು. ಕೆಳಗಿನ ಸ್ವರಗಳಿಗೆ ಎಂಟು ಇಂಚಿನ ವೂಫರ್, ನಡುವಿನವಕ್ಕೆ ಐದು ಇಂಚಿನ ಮಿಡ್‌ರೇಂಜ್, ಮೇಲಿನವಕ್ಕೆ 25 ಮಿಲಿಮೀಟರ್ ಬಟ್ಟೆ ಗುಮ್ಮಟದ ಟ್ವೀಟರ್. ಒಂದೊಂದೂ ಹದಿನೆಂಟು ಕೆ.ಜಿ. ಮೇಲೆ, ಅಗಲ ಒಂದಡಿ. ‘ಬುಕ್‌ಶೆಲ್ಫ್’ ಅಂತ ಕರೆಯಬೇಡಿ, ಆ ಶೆಲ್ಫು ಮುರಿಯುತ್ತೆ. ಮರದ ಹೊದಿಕೆ ನೋಡಿ ಅಮ್ಮ ಹಳೇ ರೇಡಿಯೋಗ್ರಾಂ ಅಂದುಕೊಂಡು ಮೇಲೆ ಹೂದಾನಿ ಇಡಲು ಹೊರಟಿದ್ದರು.

ಈಗ ಜೋಡಿಯ ಲೆಕ್ಕ. ಕಂಪನಿ ಹೇಳುವ ಸೆನ್ಸಿಟಿವಿಟಿ 90 ಡೆಸಿಬಲ್. ಅಂದರೆ ಹೆಚ್ಚುಕಮ್ಮಿ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಅಷ್ಟು ಜೋರು. ನಾನು ಕೂರುವ ಕುರ್ಚಿ ಎರಡೂವರೆ ಮೀಟರ್ ಆಚೆ. ಅಲ್ಲಿಗೆ ಎರಡೂ ಸ್ಪೀಕರ್ ಸೇರಿ 85ರ ಆಸುಪಾಸು. ಸಂಜೆ ಕಚೇರಿ ಕೇಳುವಾಗ ಸರಾಸರಿ 75 ಸಾಕು, ಅದಕ್ಕೆ ಬೇಕಾದದ್ದು ವಾಟಿನ ಹತ್ತನೇ ಒಂದು ಭಾಗ. ಆದರೆ ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಸರಾಸರಿಗಿಂತ 20 ಡೆಸಿಬಲ್ ಮೇಲೆ ನೆಗೆದರೆ ನೂರು ಪಟ್ಟು ಶಕ್ತಿ ಬೇಕು, ಅಂದರೆ ಹತ್ತು ವಾಟ್. ಇದೇ ಜಾಗದಲ್ಲಿ 84 ಡೆಸಿಬಲ್ಲಿನ ಪುಟ್ಟ ಸ್ಪೀಕರ್ ಇದ್ದಿದ್ದರೆ ನಲವತ್ತು ಬೇಕಿತ್ತು. ನೂರೈವತ್ತು ವಾಟಿಗಿಂತ ಕಮ್ಮಿ ಆದರೆ ‘ಸೌಂಡೇ ಬರಲ್ಲ ಸಾರ್’ ಅಂತ ನನಗೆ ಹೇಳಿದ ಅಂಗಡಿಯವರು ಈ ಗುಣಾಕಾರ ಮಾಡಿದ್ದಂತೆ ಕಾಣಲಿಲ್ಲ.

ನೋಡಬೇಕಾದ ಇನ್ನೊಂದು ಅಂಕಿ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ. ಲಿಂಟನ್ ಹೆಸರಿಗೆ 6 ಓಮ್, ಆದರೆ ಕೆಲವು ಸ್ವರಗಳಲ್ಲಿ 3.5ರವರೆಗೆ ಇಳಿಯುತ್ತೆ. ಇಳಿದಷ್ಟೂ ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟ್ ಎಳೆಯುತ್ತೆ. ನನ್ನ ಆಂಪ್ಲಿಫೈಯರ್ ಮರಾಂಟ್ಜ್ ಪಿಎಂ 6007ಕ್ಕೆ 8 ಓಮಿನಲ್ಲಿ 45 ವಾಟ್, 4 ಓಮಿನಲ್ಲಿ 60. ಓಮ್ ಇಳಿದಾಗ ವಾಟ್ ಏರುತ್ತಿದೆ, ಅಂದರೆ ಉಸಿರು ಕಟ್ಟುತ್ತಿಲ್ಲ. ಹಿಂಬದಿಯಲ್ಲಿ ‘6 ಓಮಿಗಿಂತ ಕಮ್ಮಿ ಬೇಡ’ ಅಂತ ಬರೆದಿರುವ ರಿಸೀವರ್‌ಗೆ ಇದನ್ನು ಕಟ್ಟಲು ನಾನು ಹೇಳುವುದಿಲ್ಲ.

ಇಷ್ಟಾದರೆ ಜಾತಕ ಕೂಡಿತು. ಸಂಸಾರ ಹೇಗೆ ನಡೆಯುತ್ತೆ ಅನ್ನೋದು ಬೇರೆ.

ಮೈಸೂರು ದೊರೆಸ್ವಾಮಿ ಅಯ್ಯಂಗಾರರ ವೀಣೆ ಹಾಕಿದೆ. ಮರಾಂಟ್ಜ್ ಜೊತೆ ಮೀಟಿನ ತುದಿ ಸ್ಪಷ್ಟ, ಎರಡು ಮೀಟಿನ ನಡುವಿನ ಮೌನವೂ ಸ್ಪಷ್ಟ. ಕೊಡದೊಳಗಿಂದ ಬರುವ ತುಂಬುದನಿ ಮಾತ್ರ ಕೊಂಚ ಬಿಗಿ. ಆಮೇಲೆ ಕುವೆಂಪುನಗರದ ಗೆಳೆಯ ತಂದುಕೊಟ್ಟ ವಾಲ್ವ್ ಆಂಪ್ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವಿನದು) ಕಟ್ಟಿದೆ: ಇಎಲ್84 ವಾಲ್ವು, ಪುಶ್‌-ಪುಲ್ (ಜೋಡಿ ವಾಲ್ವು ಸರದಿಯಲ್ಲಿ ದುಡಿಯುವ ಬಗೆ), ಹನ್ನೆರಡು ವಾಟ್. ಮಂದ್ರದ ತಂತಿ ಇದ್ದಕ್ಕಿದ್ದಂತೆ ದುಂಡಗಾಯಿತು, ಗಮಕ ಎಳೆದಾಗ ದನಿ ಹಿಂದೆಯೇ ಜಾರಿಕೊಂಡು ಹೋಯಿತು. ಇದರಲ್ಲಿ ಮಾಯೆ ಏನಿಲ್ಲ. ವಾಲ್ವ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಅದರ ಒಳಗಿನ ತಡೆ, ಹೆಚ್ಚು. ಸ್ಪೀಕರಿನ ಓಮ್ ಎಲ್ಲೆಲ್ಲಿ ಏರುತ್ತೋ ಅಲ್ಲೆಲ್ಲ ಸದ್ದೂ ಒಂದಿಷ್ಟು ಏರುತ್ತೆ, ಕೆಳಗಿನ ಸ್ವರಗಳ ಹಿಡಿತ ಸಡಿಲವಾಗುತ್ತೆ. ಅಳತೆಯ ದೃಷ್ಟಿಯಿಂದ ಅದು ದೋಷವೇ. ನನಗೆ ಆ ದೋಷ ಬೇಕು, ವೀಣೆಗೆ ಮಾತ್ರ. ತವಿಲ್ ಹಾಕಿದಾಗ ಹನ್ನೆರಡು ವಾಟ್ ಸುಸ್ತಾಗಿದ್ದು ಕೇಳಿಸಿತು.

ಗೆಳೆಯ ಈ ಮಾತು ಒಪ್ಪುವವನಲ್ಲ. ತಮಾಷೆ ಏನೆಂದರೆ ವಾಲ್ವ್ ಆಂಪ್ ಅವನದೇ. ಆದರೆ ಅವನು ಅದನ್ನು ಕಟ್ಟುವುದು ಕ್ಲಿಪ್ಷ್ ಆರ್‌ಪಿ-600ಎಂ ಸ್ಪೀಕರಿಗೆ. ಅದರಲ್ಲಿ ಟ್ವೀಟರ್ ಮುಂದೆ ಕಹಳೆಯಾಕಾರದ ಹಾರ್ನ್ ಇದೆ, ಕಂಪನಿ ಹೇಳುವ ಸೆನ್ಸಿಟಿವಿಟಿ 96 ಡೆಸಿಬಲ್. ಅವನಿಗೆ ಬೇಕಾದದ್ದು ಪಾಶ್ಚಾತ್ಯ ಆರ್ಕೆಸ್ಟ್ರಾ, ಮೊದಲ ಸಾಲಿನ ಸೀಟು, ತುತ್ತೂರಿ ಮುಖಕ್ಕೇ ಬರಬೇಕು. ‘ನಿನ್ನ ಲಿಂಟನ್ ಮುಂದೆ ಪರದೆ ಬಿಟ್ಟಂಗಿದೆ ಕಣೋ’ ಅನ್ನುತ್ತಾನೆ. ವಾದ ಸೋಲುತ್ತಿದೆ ಅನ್ನಿಸಿದಾಗ ಜಯಚಾಮರಾಜ ಒಡೆಯರನ್ನು ಕರೆತರುತ್ತಾನೆ: ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಕೃತಿಗಳನ್ನು ಎಚ್‌ಎಂವಿಯಲ್ಲಿ ಮುದ್ರಿಸಲು ದುಡ್ಡು ಕೊಟ್ಟವರು ನಮ್ಮ ಮಹಾರಾಜರು, ಆತ ಮೂರನೇ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ, ಮೈಸೂರಿನವನಾಗಿ ನೀನು ಬರೀ ವೀಣೆ ಕೇಳ್ತೀಯಲ್ಲ ಅಂತ. ಎಲ್ಲ ನಿಜ. ಆದರೆ ಆ ತಟ್ಟೆಗಳು 78 ಆರ್‌ಪಿಎಂನವು, ಮೋನೋ. ಹಾರ್ನ್ ಟ್ವೀಟರ್‌ಗೆ ಸಾಕ್ಷಿ ಹೇಳಲು ಅವನ್ನು ಎಳೆಯಬಾರದು. ಅವನ ಮನೆಯಲ್ಲಿ ಕೂತು ಕೇಳಿದಾಗ ತುತ್ತೂರಿ ಚೆನ್ನಾಗಿಯೇ ಇತ್ತು. ಒಂದು ಗಂಟೆ ಆದಮೇಲೆ ನಾನು ವಾಲ್ಯೂಮ್ ಇಳಿಸಿದೆ, ಅವನು ಏರಿಸಿದ.

ಮಗನದು ಇನ್ನೊಂದು ದಾರಿ: ಸಿನಿಮಾ ಹಾಡಿನ ಬೇಸ್ ಎದೆಗೆ ಗುದ್ದಬೇಕು. ಅಮ್ಮನಿಗೆ ಆಕಾಶವಾಣಿಯ ವಾರ್ತೆ ಅಡುಗೆಮನೆಗೆ ಕೇಳಿಸಿದರೆ ಮುಗಿಯಿತು. ಮಾತಿನ ವಿಷಯದಲ್ಲಿ ಲಿಂಟನ್‌ಗೆ ಅವರಿಂದ ಪೂರ್ತಿ ಅಂಕ.

ಬೇಸ್ ಅಂದಮೇಲೆ ಕೋಣೆಯ ಮಾತು ಬರಲೇಬೇಕು. ನಮ್ಮದು ಕೆಂಪು ರೆಡ್‌ಆಕ್ಸೈಡ್ ನೆಲ, ಬೋಳು ಗೋಡೆ, ಉದ್ದ ಹನ್ನೆರಡಡಿ. ಅಷ್ಟು ಉದ್ದಕ್ಕೆ 47 ಹರ್ಟ್ಜ್ ಸುಮಾರಿನಲ್ಲಿ ಕೋಣೆಯೇ ಮೊಳಗುತ್ತೆ. ಬೇಸ್ ಗಿಟಾರಿನ ಕೆಳಗಿನ ಜಿ ಸ್ವರ 49. ಅದೊಂದು ಬಂದಾಗ ಕಿಟಕಿ ಗಾಜು ಮಾತಾಡುತ್ತಿತ್ತು, ಪಕ್ಕದ ಸ್ವರ ಬಂದರೆ ಸುಮ್ಮನೆ. ಲಿಂಟನ್‌ನ ಎರಡೂ ಪೋರ್ಟ್ (ಬೇಸ್ ಹೊರಬರುವ ಗಾಳಿ ತೂತು) ಹಿಂಬದಿಗೆ, ಗೋಡೆಗೆ ಒತ್ತಿಟ್ಟರೆ ಇದು ಇನ್ನೂ ಜಾಸ್ತಿ. ಎರಡಡಿ ಮುಂದೆ ತಂದು, ನೆಲಕ್ಕೆ ದಪ್ಪ ಜಮಖಾನ ಹಾಸಿದೆ. ಬೇಸ್ ಸರಿಹೋದದ್ದು ಸರಿಸಿದ್ದರಿಂದ; ಜಮಖಾನ ಮೇಲಿನ ಸ್ವರಗಳ ಚುರುಕನ್ನು ತಗ್ಗಿಸಿತು, ಅಷ್ಟೆ. ಯಾವ ಆಂಪ್ ಬದಲಾವಣೆಗಿಂತಲೂ ದೊಡ್ಡ ವ್ಯತ್ಯಾಸ ಇದು, ಖರ್ಚು ಜಮಖಾನದ್ದು ಮಾತ್ರ. ನಡುಮನೆ ಈಗ ಓಡಾಡಲು ಇಕ್ಕಟ್ಟು ಅನ್ನುವುದು ಮನೆಯವರ ದೂರು, ನ್ಯಾಯವಾದದ್ದೇ.

ವಾರ್ಫ್‌ಡೇಲ್ ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಸಂಗೀತಗಾರರನ್ನೂ ಧ್ವನಿಮುದ್ರಣವನ್ನೂ ಎದುರುಬದುರು ಕೇಳಿಸಿದಾಗ, ಆಂಪ್ಲಿಫೈಯರ್‌ಗೆ ಕ್ವಾಡ್ ಕಂಪನಿಯ ಪೀಟರ್ ವಾಕರ್ ಜೊತೆಗಿದ್ದರು. ಸ್ಪೀಕರ್ ಮಾಡುವವನೇ ಒಂಟಿಯಾಗಿ ಹೋಗಲಿಲ್ಲ. ನೀವೂ ಅಂಗಡಿಗೆ ಹೋಗುವಾಗ ನಿಮ್ಮ ಆಂಪನ್ನೇ ಹೊತ್ತುಕೊಂಡು ಹೋಗಿ, ನೀವು ದಿನಾ ಕೇಳುವ ಸಂಗೀತವನ್ನೇ ಹಾಕಿಸಿ.

ಗಾಯನ, ವೀಣೆ, ಪಿಟೀಲು ತಾಸುಗಟ್ಟಲೆ ಕೇಳುವವರಿಗೆ ಲಿಂಟನ್ ಕೊಳ್ಳಿ ಅನ್ನುತ್ತೇನೆ, ಕೋಣೆಯಲ್ಲಿ ಆ ಎರಡಡಿ ಜಾಗ ಇದ್ದರೆ. ಚುರುಕು, ಝೇಂಕಾರ, ಪಾರ್ಟಿ ಬೇಕಾದವರು ನನ್ನ ಗೆಳೆಯನ ಮಾತು ಕೇಳಿ. ಬೆಲೆ ಕೇಳುವಾಗ ಕಂಪನಿಯ ಸ್ಟ್ಯಾಂಡ್ ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ. ಅದರೊಳಗೆ ಎಲ್‌ಪಿ ಜೋಡಿಸಲು ಜಾಗವಿದೆ, ಎತ್ತರವೂ ಇದಕ್ಕೇ ಅಂತ ಮಾಡಿದ್ದು.