ಲಿಚೆಸ್ ಅನಾಲಿಸಿಸ್: ಯಂತ್ರ ಹೇಳಿದ ನಡೆ ಆಮೇಲೆ ನೋಡಿ, ಎದುರಾಳಿಯ ಉತ್ತರ ಮೊದಲು ನೋಡಿ

ನಮ್ಮ ಮನೆಯಲ್ಲಿ ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್ ತೆರೆಯುವುದು ಆಡೋಕಿಂತ ಜಾಸ್ತಿ ಆಡಿದ್ದನ್ನು ತಿರುಗಿ ನೋಡೋಕೆ. ಮಗಳು ಏಳನೇ ಕ್ಲಾಸು. ಬಾಗಲಕೋಟೆ, ಹುಬ್ಬಳ್ಳಿ ಕಡೆ ಟೂರ್ನಮೆಂಟ್ ಇದ್ದರೆ ಹೋಗುತ್ತಾಳೆ. ಬರುವಾಗ ನಡೆ ಬರೆದ ಹಾಳೆಯ ಕಾರ್ಬನ್ ಪ್ರತಿ ಬ್ಯಾಗಿನಲ್ಲಿರುತ್ತದೆ.

ಅಂಗಡಿ ಬಾಗಿಲು ಹಾಕಿ ನಾನು ನವನಗರದ ಮನೆ ಮುಟ್ಟುವಷ್ಟರಲ್ಲಿ ಅವಳ ಊಟ ಆಗಿರುತ್ತದೆ. ನಾನು ರೊಟ್ಟಿ ತಿನ್ನುತ್ತಾ ಹಾಳೆ ಓದುತ್ತೇನೆ, ಅವಳು ಹಳೇ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ನಡೆ ಹಾಕುತ್ತಾಳೆ. ಕಾರ್ಬನ್ ಮಸುಕಾದ ಕಡೆ ಅದು ಸಿ ಮನೆಯೋ ಇ ಮನೆಯೋ ಗೊತ್ತಾಗುವುದಿಲ್ಲ. ಆಗ ಇಬ್ಬರೂ ಬೋರ್ಡ್ ನೋಡಿ, ಈ ಕುದುರೆ ಯಾವ ಮನೆಗೆ ಹೋಗಿದ್ದರೆ ಮುಂದಿನ ನಡೆ ಕೂಡಿ ಬರುತ್ತದೆ ಅಂತ ಹುಡುಕುತ್ತೇವೆ. ಅಷ್ಟೊತ್ತೂ ಎಂಜಿನ್, ಅಂದರೆ ಒಳ್ಳೆಯ ನಡೆ ಯಾವುದು ಅಂತ ಲೆಕ್ಕ ಹಾಕಿ ತೋರಿಸುವ ಪ್ರೋಗ್ರಾಂ, ಆಫ್. ಎಲ್ಲೆಲ್ಲಿ ಅನುಮಾನ ಬಂದಿತ್ತೋ ಅಲ್ಲಿ ಅವಳು ಪೆನ್ಸಿಲ್ ಗುರುತು ಹಾಕುತ್ತಾಳೆ. ಆಮೇಲೇ ಎಂಜಿನ್ ಆನ್ ಮಾಡುವುದು. ನನಗೆ ದಿನದಲ್ಲಿ ಅತಿ ಇಷ್ಟವಾದ ಹೊತ್ತು ಇದು.

ಲಿಚೆಸ್ ಹಾಕುವ ಗುರುತುಗಳ ಬಗ್ಗೆ ಎಲ್ಲರಿಗೂ ಗೊತ್ತೇ ಇದೆ. ?! ಅಂದರೆ ಸಣ್ಣ ಲೋಪ, ಒಂದು ಪ್ರಶ್ನೆ ಚಿಹ್ನೆ ಅಂದರೆ ತಪ್ಪು, ಎರಡು ಅಂದರೆ ಬ್ಲಂಡರ್, ದೊಡ್ಡ ಪ್ರಮಾದ. ಪಕ್ಕದಲ್ಲಿ ಇಂಥ ನಡೆ ಒಳ್ಳೆಯದಿತ್ತು ಅಂತ ಒಂದು ಸಾಲು. ಯಾಕೆ ಒಳ್ಳೆಯದು ಅನ್ನುವುದು ಮಾತ್ರ ಎಲ್ಲೂ ಇರುವುದಿಲ್ಲ.

ಒಂದು ಆಟ ಹೇಳುತ್ತೇನೆ. ಮಗಳದು ಕಪ್ಪು. (ಬೋರ್ಡಿನ ಪ್ರತಿ ಮನೆಗೂ ಅಕ್ಷರ, ಅಂಕಿ ಸೇರಿಸಿ ಸಿ4, ಎಫ್7 ಅಂತ ಹೆಸರು.) ಬಿಳಿಯ ಒಂಟೆ ಸಿ4ರಲ್ಲಿ, ಕುದುರೆ ಜಿ5ಕ್ಕೆ ನುಗ್ಗಿದೆ, ಎರಡರ ಕಣ್ಣೂ ಎಫ್7ರ ಪ್ಯಾದೆ ಮೇಲೆ. ಮಗಳು ಡಿ5ಕ್ಕೆ ಪ್ಯಾದೆ ತಳ್ಳಿದಳು. ಬಿಳಿ ಅದನ್ನು ಹೊಡೆಯಿತು. ಇವಳು ಕುದುರೆಯಿಂದ ವಾಪಸ್ ಹೊಡೆದಳು. ಎದುರಿನ ಹುಡುಗನಿಗೆ ಮುಂದೇನು ಅಂತ ತೋಚಲಿಲ್ಲ, ಆಟ ಇವಳೇ ಗೆದ್ದಳು. ಆದರೆ ಲ್ಯಾಪ್‌ಟಾಪಿನಲ್ಲಿ ಆ ನಡೆಗೆ ಪ್ರಶ್ನೆ ಚಿಹ್ನೆ ಬಂತು!

"ಅಪ್ಪಾ, ಅಂವ ನನ್ನ ಪ್ಯಾದಿ ತಿಂದ, ನಾ ಹೊಳ್ಳಿ ತಿಂದೆ. ಇದರಾಗ ತಪ್ಪೇನೈತಿ?"

ಯಂತ್ರ ಹೇಳಿದ್ದು ಇನ್ನೊಂದು ಕುದುರೆಯನ್ನು ಎ5ಕ್ಕೆ ಒಯ್ಯಲು. ಬೋರ್ಡಿನ ಅಂಚಿಗೆ! ಕುದುರೆಯನ್ನು ಅಂಚಿಗೆ ಕಳಿಸಬಾರದು ಅಂತ ಕ್ಲಾಸಿನಲ್ಲಿ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ. ಅವಳು ಸಿಟ್ಟು ಮಾಡಿಕೊಂಡಿದ್ದು ಸರಿಯೇ.

ನಾನು ಎ5 ಬಿಟ್ಟುಬಿಡು ಅಂದೆ. ನೀನು ಆಡಿದ್ದನ್ನೇ ಆಡು, ಈಗ ಬಿಳಿ ಏನು ಮಾಡುತ್ತದೆ ನೋಡು. ಎಂಜಿನ್ ತೋರಿಸುವ ನಡೆಗಳ ಸಾಲುಗಳನ್ನು ಮೂರಕ್ಕೆ ಏರಿಸಿದೆವು. ಅದರಲ್ಲಿ ಒಂದು, ಕುದುರೆ ಸೀದಾ ಎಫ್7 ಹೊಡೆಯುವುದು. ಅದು ರಾಣಿಗೂ ಆನೆಗೂ ಒಟ್ಟಿಗೇ ಗುರಿ ಇಟ್ಟಿರುವುದರಿಂದ ರಾಜ ಅದನ್ನು ತಿನ್ನಲೇಬೇಕು. ಆಗ ಬಿಳಿ ರಾಣಿ ಎಫ್3ಕ್ಕೆ ಬಂದು ಚೆಕ್, ಜೊತೆಗೆ ಡಿ5ರ ಕುದುರೆ ಮೇಲೂ ಏಟು. ಕುದುರೆ ಉಳಿಸಬೇಕೆಂದರೆ ರಾಜ ಇ6ಕ್ಕೆ, ನಡು ಬೋರ್ಡಿಗೆ ಬರಬೇಕು. ಮುಂದೆ ಬಿಳಿಯ ಇನ್ನೊಂದು ಕುದುರೆ ಸಿ3ಕ್ಕೆ ಬಂದು ಅದೇ ಡಿ5ಕ್ಕೆ ಮೂರನೇ ಏಟು ಸೇರಿಸುತ್ತದೆ. ಚೆಸ್ ಪುಸ್ತಕಗಳಲ್ಲಿ ಇದಕ್ಕೆ ಫ್ರೈಡ್ ಲಿವರ್ ಅಟ್ಯಾಕ್ ಅಂತ ಹೆಸರು.

ಮಗಳು ಸ್ವಲ್ಪ ಹೊತ್ತು ಸಿ4ರ ಒಂಟೆಯನ್ನೇ ನೋಡಿದಳು. "ಹಂಗಾರ ಈ ಒಂಟಿನ್ನ ಓಡಸಾಕ ಕುದುರಿ ಅಂಚಿಗೆ ಹೋಗತೈತಿ!" ಹೌದು, ಎ5ರ ಕುದುರೆಯ ಗುರಿ ಆ ಒಂಟೆಯೇ. ಬಿಳಿಯ ಇಡೀ ದಾಳಿ ನಿಂತಿದ್ದೂ ಅದರ ಮೇಲೇ. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಅದಕ್ಕೇ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು, ಲ್ಯಾಪ್‌ಟಾಪಿನಲ್ಲಿ ಎಕ್ಸ್ ಕೀ ಒತ್ತುವುದನ್ನು ರೂಢಿ ಮಾಡಿಕೊಳ್ಳಿ. ನೀವು ಏನೂ ಆಡದೆ ಸುಮ್ನೆ ಬಿಟ್ಟರೆ ಎದುರಾಳಿ ಏನು ಆಡುತ್ತಾನೆ ಅಂತ ಕೆಂಪು ಬಾಣ ತೋರಿಸುತ್ತದೆ. ಮಕ್ಕಳ ಆಟದಲ್ಲಿ ಅರ್ಧಕ್ಕರ್ಧ ತಪ್ಪುಗಳ ಕಾರಣ ಆ ಬಾಣದಲ್ಲೇ ಸಿಗುತ್ತದೆ. ನಿಮ್ಮ ತಪ್ಪುಗಳಿಂದ ಕಲಿಯಿರಿ ಅನ್ನುವ ಭಾಗವೂ ಚೆನ್ನಾಗಿದೆ. ತಪ್ಪಿಗೆ ಒಂದು ನಡೆ ಹಿಂದೆ ನಿಲ್ಲಿಸಿ, ಉತ್ತರ ಮುಚ್ಚಿಟ್ಟು, ಬೇರೆ ನಡೆ ಹುಡುಕಲು ಹೇಳುತ್ತದೆ. ಯಂತ್ರದ ನಡೆಯೇ ಆಗಬೇಕೆಂದಿಲ್ಲ, ಒಳ್ಳೆಯ ನಡೆಯಾದರೆ ಒಪ್ಪಿಕೊಳ್ಳುತ್ತದೆ.

ಇನ್ನೊಂದು ವಿಷಯ ಪಾಲಕರಿಗೆ ಗೊತ್ತಿರಲಿ. ಇಲ್ಲಿ ಗುರುತು ಬೀಳುವುದು ಗೆಲ್ಲುವ ಸಾಧ್ಯತೆ ಎಷ್ಟು ಕುಸಿಯಿತು ಅನ್ನುವುದರ ಮೇಲೆ. ಭಾರೀ ಮುನ್ನಡೆ ಇದ್ದಾಗ ಮಗು ಆನೆಯನ್ನೇ ಪುಕ್ಕಟೆ ಕೊಟ್ಟರೂ ಒಂದು ಗುರುತೂ ಬೀಳದೇ ಇರಬಹುದು. ಗುರುತಿಲ್ಲ ಅಂದ ಮಾತ್ರಕ್ಕೆ ಕೊನೆಯ ನಡೆಗಳನ್ನು ನೋಡದೆ ಬಿಡಬೇಡಿ.

ಹಾಗೇ ಯಾರು ಎಷ್ಟು ಮುಂದಿದ್ದಾರೆ ಅಂತ ಎಂಜಿನ್ ತೋರಿಸುವ ಅಂಕಿಯ ದಶಮಾಂಶಗಳ ಹಿಂದೆ ಬೀಳಬೇಡಿ. 2022ರ ಡಿಸೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ (ಲಿಚೆಸ್ ಬಳಸುವ ಎಂಜಿನ್) 15.1ರಿಂದ +1 ಅಂದರೆ ಎರಡೂ ಕಡೆ ಯಂತ್ರವೇ ಆಡಿದಾಗ ಗೆಲ್ಲುವ ಸಾಧ್ಯತೆ 50% ಅಂತ ಲೆಕ್ಕ. ಏಳನೇ ಕ್ಲಾಸಿನ ಇಬ್ಬರು ಮಕ್ಕಳ ನಡುವೆ +0.4ಕ್ಕೆ ಏನು ಅರ್ಥ? ನಮ್ಮ ಮನೆಯಲ್ಲಿ ಒಂದಕ್ಕಿಂತ ಕಡಿಮೆ ಏರಿಳಿತವನ್ನು ಮಾತಾಡುವುದೇ ಇಲ್ಲ.

ನಡುವೆ ಇನ್ನೊಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ, ಹೆಸರು ಬೇಡ. ಅದು ಮಾತಿನಲ್ಲೇ ವಿವರಿಸುತ್ತದೆ ಅಂದಿದ್ದರು. ಬಂದಿದ್ದು ಬರೀ "ಲಾಭದ ಅವಕಾಶ ಬಿಟ್ಟಿರಿ" ಅನ್ನುವಂಥ ಮಾತು. ಯಾವ ಆಟಕ್ಕೂ ಅದೇ. ಜೊತೆಗೆ ದೊಡ್ಡ ಅಕ್ಷರದಲ್ಲಿ ನಿಖರತೆಯ ಶೇಕಡಾವಾರು. ಮಕ್ಕಳು ಅದನ್ನೇ ಮಾರ್ಕ್ಸ್ ಅಂದುಕೊಂಡು ಗೆಳತಿಯರ ಜೊತೆ ಹೋಲಿಸಿ ನೋಡುತ್ತಾರೆ. ಸುಲಭದ ಆಟದಲ್ಲಿ ಯಾರಿಗಾದರೂ 90 ದಾಟುತ್ತದೆ, ಜಟಿಲ ಆಟದಲ್ಲಿ ಚೆನ್ನಾಗಿ ಹೋರಾಡಿದವಳಿಗೂ ಇಳಿಯುತ್ತದೆ. ಮಗಳು ಶೇಕಡಾ ಇಳಿಯುತ್ತದೆ ಅಂತ ಪೀಸ್ ಕೊಟ್ಟು ದಾಳಿ ಮಾಡುವುದನ್ನೇ ಬಿಡತೊಡಗಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಈಗ ಆ ಆ್ಯಪ್ ತೆಗೆಯುವುದಿಲ್ಲ.

ಲಿಚೆಸ್ ಪೂರ್ತಿ ಉಚಿತ, ಜಾಹೀರಾತೂ ಇಲ್ಲ, ನಡೆಯುವುದು ದೇಣಿಗೆಯ ಮೇಲೆ. ಒಂದು ಗಮನಿಸಿ. ನೋಡುತ್ತಿರುವಾಗಲೇ ಓಡುವ ಎಂಜಿನ್ ನಿಮ್ಮದೇ ಫೋನಿನಲ್ಲಿ ಓಡುತ್ತದೆ, ಹಳೇ ಫೋನಾದರೆ ಕೈಗೆ ಬಿಸಿ ತಾಗುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅದರ ಬದಲು ಪೂರ್ತಿ ಆಟದ ಅನಾಲಿಸಿಸ್ ಕೇಳಿದರೆ ಆ ಕೆಲಸವನ್ನು ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರ ಕಂಪ್ಯೂಟರ್‌ಗಳು ಮಾಡಿಕೊಡುತ್ತವೆ. ನಮ್ಮಲ್ಲಿ ಮೊದಲು ಅದನ್ನು ಹಚ್ಚಿ, ಬೇಕಾದ ಎರಡು ಮೂರು ಕಡೆ ಮಾತ್ರ ಎಂಜಿನ್ ತೆರೆಯುತ್ತೇವೆ.

ಚಂದಾದ ಆಟೋಪೇ ಬಂದ್ ಮಾಡಿದ್ದೇನೆ. ಅದರಲ್ಲಿ ಸ್ವಲ್ಪ ಲಿಚೆಸ್‌ಗೆ ದೇಣಿಗೆ, ಉಳಿದದ್ದು ಮಗಳ ಮುಂದಿನ ಟೂರ್ನಮೆಂಟಿನ ಎಂಟ್ರಿ ಫೀಸು.