850 ರೂಪಾಯಿಯ ಒಬಿಡಿ ಡಾಂಗಲ್: ಕ್ಲಚ್ ಉಳಿಸಿತು, ಪವರ್ ಮಾತ್ರ ಸುಳ್ಳು ಹೇಳಿತು

ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುವ ಜಾತಿ. ಕಾರಿನ ಸಾಮಾನಿನ ಬಗ್ಗೆ ಇವಳೇನು ಬರೆಯುತ್ತಾಳೆ ಅನ್ನಬೇಡಿ, ಇದೂ ಲೆಕ್ಕದ ವಿಷಯವೇ.

ನಮ್ಮದು ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್, 2019ರ 1.2 ಪೆಟ್ರೋಲ್. ಮೇ ತಿಂಗಳಲ್ಲಿ ಕುಮಟಾದಲ್ಲಿ ಮದುವೆ ಮುಗಿಸಿ ದೇವಿಮನೆ ಘಟ್ಟ ಹತ್ತುವಾಗ ಗಾಡಿಗೆ ಪಿಕಪ್ಪೇ ಇಲ್ಲ. ಒಳಗೆ ನಾವು ನಾಲ್ವರು, ಡಿಕ್ಕಿಯಲ್ಲಿ ಮೂರು ಹಲಸಿನಹಣ್ಣು, ಎಸಿ ಫುಲ್. ಮರುದಿನ ಗ್ಯಾರೇಜಿನವ ಬಾನೆಟ್ ಕೂಡ ಎತ್ತದೆ, "ಕ್ಲಚ್ ಪ್ಲೇಟ್ ಹೋಗಿದೆ ಅಕ್ಕಾ, ಒಂಬತ್ತು ಸಾವಿರ ಆಗ್ತದೆ" ಅಂದ. ವೋಚರ್ ನೋಡದೆ ದುಡ್ಡು ಕೊಡುವ ಅಭ್ಯಾಸ ನನಗಿಲ್ಲ. ಮನೆಗೆ ಬಂದು ಆನ್‌ಲೈನಿನಲ್ಲಿ ಈ ಒಬಿಡಿ ಡಾಂಗಲ್ ತರಿಸಿದೆ; ಕಾರಿನೊಳಗಿನ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿಗೆ ಕಳಿಸುವ ಸಾಧನ ಇದು.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ನೀಲಿ ಡಬ್ಬಿ. ಸ್ಟಿಯರಿಂಗ್ ಕೆಳಗಿನ ಪೋರ್ಟಿಗೆ ಚುಚ್ಚಿ, ಬ್ಲೂಟೂತಿನಲ್ಲಿ 1234 ಒತ್ತಿ, ಮೊಬೈಲಿಗೊಂದು ಆ್ಯಪ್ ಹಾಕಿಕೊಂಡರೆ ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವುದು), ವೇಗ, ಎಂಜಿನ್ ತಂಪಾಗಿಡುವ ಕೂಲಂಟಿನ ಬಿಸಿ ಎಲ್ಲ ಕಾಣುತ್ತದೆ. ಜೊತೆಗೆ ಬಂದ ಚೀಟಿಯ ಅಕ್ಷರ ಓದಲು ಅಪ್ಪನ ಭೂತಕನ್ನಡಿ ಬೇಕಾಯಿತು.

ಕ್ಲಚ್ ಜಾರುತ್ತಿದೆಯೋ ಇಲ್ಲವೋ ನೋಡಲು ಒಂದು ಭಾಗಾಕಾರ ಸಾಕು. ಗೇರ್ ಹಾಕಿ ಕ್ಲಚ್ ಪೂರ್ತಿ ಬಿಟ್ಟ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ಇರುವ ನಂಟು ಬದಲಾಗುವುದಿಲ್ಲ. ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿದರೆ ಆ ಗೇರಿನಲ್ಲಿ ಯಾವಾಗಲೂ ಒಂದೇ ಉತ್ತರ ಬರಬೇಕು. ಪ್ಲೇಟ್ ಜಾರಿದರೆ ಆರ್‌ಪಿಎಂ ಏರುತ್ತದೆ, ವೇಗ ಅಲ್ಲೇ ನಿಲ್ಲುತ್ತದೆ, ಉತ್ತರ ಹಿಗ್ಗುತ್ತದೆ. ಮೂರನೇ ಗೇರಿನಲ್ಲಿ ಸಪಾಟು ರಸ್ತೆಯಲ್ಲಿ ನನಗೆ ಸಿಕ್ಕಿದ್ದು 48, ಕೆಲವೊಮ್ಮೆ 49. ಭಾನುವಾರ ಭಾವನನ್ನು ಪಕ್ಕದಲ್ಲಿ ಕೂರಿಸಿ, ಅಂಕಿ ಬರೆಯಲು ಹಚ್ಚಿ, ಅದೇ ಘಟ್ಟ ಹತ್ತಿದೆ. ಕೆಳಗಿಂದ ತುದಿಯವರೆಗೂ 48, 49. ಕ್ಲಚ್ಚಿಗೆ ಏನೂ ಆಗಿರಲಿಲ್ಲ.

ಹಾಗಾದರೆ ಗಾಡಿ ಒದ್ದಾಡಿದ್ದೇಕೆ? ಇಲ್ಲಿ ಮಾತ್ರ ಸ್ವಲ್ಪ ಗುಣಾಕಾರ ಬೇಕು. ಟಾರ್ಕನ್ನು, ಅಂದರೆ ಎಂಜಿನ್ ತಿರುಗಿಸುವ ಬಲವನ್ನು (ನ್ಯೂಟನ್ ಮೀಟರಿನಲ್ಲಿ), ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಪವರ್, ಕಿಲೋವಾಟ್‌ನಲ್ಲಿ. ಕಂಪನಿ ಹೇಳುವ 61 ಕಿಲೋವಾಟ್, ಅಂದರೆ 83 ಪಿಎಸ್ (ಅಶ್ವಶಕ್ತಿ), ಸಿಗುವುದು 6000 ಆರ್‌ಪಿಎಂನಲ್ಲಿ. ಅತಿ ಹೆಚ್ಚಿನ ಟಾರ್ಕ್ 113 ನ್ಯೂಟನ್ ಮೀಟರ್, ಅದು 4200ರಲ್ಲಿ. ನಾನು ಅವತ್ತು ನಾಲ್ಕನೇ ಗೇರಿನಲ್ಲೇ ಗಂಟೆಗೆ 40ರಲ್ಲಿ ಹತ್ತಿಸುತ್ತಿದ್ದೆ, ಅಲ್ಲಿ ಆರ್‌ಪಿಎಂ ಬರೇ 1450ರ ಹತ್ತಿರ. 90 ನ್ಯೂಟನ್ ಮೀಟರ್ ಸಿಕ್ಕಿತೆಂದೇ ಹಿಡಿಯಿರಿ, ಆಯಿತು 13.7 ಕಿಲೋವಾಟ್. ಗೇರ್‌ಬಾಕ್ಸು, ಆ್ಯಕ್ಸಲ್ ದಾಟುವಾಗ ಶೇ. 15 ಸೋರಿಕೆ ಬಿಟ್ಟರೆ ಚಕ್ರಕ್ಕೆ 11.6.

ಖರ್ಚಿನ ಬದಿ ನೋಡಿ. ಗಾಡಿ, ಜನ, ಹಲಸಿನಹಣ್ಣು ಸೇರಿ 1150 ಕಿಲೋ. ನೂರು ಮೀಟರಿಗೆ ಆರು ಮೀಟರ್ ಏರು ಅಂದುಕೊಂಡರೆ ಆ ತೂಕವನ್ನು ಎತ್ತುವುದಕ್ಕೇ 7.5 ಕಿಲೋವಾಟ್, ಟಯರು-ಗಾಳಿಯ ತಡೆಗೆ ಇನ್ನೆರಡು. ಒಟ್ಟು ಹತ್ತಿರ ಹತ್ತಿರ ಹತ್ತು. ಮಿಕ್ಕಿದ್ದು ಎರಡು ಕಿಲೋವಾಟಿನ ಆಸುಪಾಸು, ಅದನ್ನು ಎಸಿ ನುಂಗಿತು! ಅದೇ ವೇಗದಲ್ಲಿ ಮೂರನೇ ಗೇರಿಗೆ ಇಳಿಸಿದರೆ ಆರ್‌ಪಿಎಂ 1940, ಚಕ್ರಕ್ಕೆ 15.5 ಕಿಲೋವಾಟ್. ತಪ್ಪು ಗಾಡಿಯದ್ದಲ್ಲ, ನನ್ನ ಎಡಗೈಯದ್ದು. ಪೆಟ್ರೋಲ್ ಉಳಿಸುತ್ತೇನೆಂದು ಗೇರ್ ಇಳಿಸದೆ ಜಿಪುಣತನ ಮಾಡಿದ್ದೆ.

ಇನ್ನು ಆ್ಯಪ್ ತೋರಿಸುವ ಪವರ್ ಮೀಟರ್. ದಯವಿಟ್ಟು ಅದನ್ನು ನಂಬಬೇಡಿ. ನನಗೆ ಒಮ್ಮೆ 104 ಪಿಎಸ್ ತೋರಿಸಿತು, ಕಂಪನಿಯೇ 83 ಅಂದಿರುವ ಎಂಜಿನ್ನಿಗೆ! ಕಾರಣ ಹುಡುಕಲು ಒಂದು ಸಂಜೆ ಹೋಯಿತು. ಆ್ಯಪ್ ಟಾರ್ಕ್ ಅಳೆಯುವುದೇ ಇಲ್ಲ. ನೀವು ತುಂಬಿದ ತೂಕ ಮತ್ತು ವೇಗ ಏರುವ ಪರಿ, ಇವೆರಡರಿಂದ ಲೆಕ್ಕ ಹಾಕುತ್ತದೆ. ಪೋರ್ಟಿನಿಂದ ಬರುವ ವೇಗವೋ ಪೂರ್ಣ ಅಂಕಿ: 60, ಆಮೇಲೆ 61, ನಡುವೆ ಏನೂ ಇಲ್ಲ. ಅರ್ಧ ಸೆಕೆಂಡಿನಲ್ಲಿ ಆ ಒಂದು ಅಂಕಿ ಜಿಗಿದರೆ 1000 ಕಿಲೋ ಗಾಡಿಗೆ ಒಂಬತ್ತು ಕಿಲೋವಾಟ್, ಅಂದರೆ 12 ಪಿಎಸ್‌ಗೂ ಹೆಚ್ಚು, ಆಚೀಚೆ ಆದಂತೆ. ಪೈಸೆ ಬಿಟ್ಟು ರೂಪಾಯಿಯಲ್ಲೇ ಬಡ್ಡಿ ಹಾಕಿದ ಹಾಗೆ. ಸಾಲದ್ದಕ್ಕೆ ಇಳಿಜಾರು ಬಂದರೆ ಅದರ ಸಹಾಯವನ್ನೂ ಎಂಜಿನ್ನಿನ ಖಾತೆಗೇ ಜಮಾ ಮಾಡಿಬಿಡುತ್ತದೆ.

ಪವರ್ ತಿಳಿಯಲೇಬೇಕೆಂದರೆ ಮೊಬೈಲಿನ ಸ್ಟಾಪ್‌ವಾಚ್ ವಾಸಿ. ಮುಂಡಗೋಡ ದಾಟಿ ಹುಬ್ಬಳ್ಳಿ ಕಡೆ ಸಿಗುವ ಸಪಾಟು ರಸ್ತೆಯಲ್ಲಿ, ಬೆಳಿಗ್ಗೆ ಆರಕ್ಕೆ, ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದೆವು: 8.7 ಸೆಕೆಂಡ್. ತೂಕದ (ಈ ಸಲ 1000 ಕಿಲೋ) ಅರ್ಧವನ್ನು ವೇಗದ ವರ್ಗಗಳ ವ್ಯತ್ಯಾಸದಿಂದ ಗುಣಿಸಿ (ವೇಗ ಸೆಕೆಂಡಿಗೆ ಮೀಟರಿನಲ್ಲಿ), ಸಮಯದಿಂದ ಭಾಗಿಸಿದರೆ 21.3 ಕಿಲೋವಾಟ್. ಗಾಳಿ-ಟಯರಿಗೆ ನಾಲ್ಕು ಕೂಡಿಸಿ, ಸೋರಿಕೆಯನ್ನೂ ಸೇರಿಸಿದರೆ ಎಂಜಿನ್ ಕೊಟ್ಟದ್ದು ಸರಾಸರಿ 30ರ ಆಸುಪಾಸು. ನಡುವಿನ 2900 ಆರ್‌ಪಿಎಂಗೆ ತಿರುಗಿಸಿದರೆ 98 ನ್ಯೂಟನ್ ಮೀಟರ್. ಕಂಪನಿಯ 113ರ ಕೆಳಗೇ ಇದೆ, ತಾಳೆಯಾಯಿತು. ಭಾವ ಮಾತ್ರ ಇಷ್ಟಕ್ಕೆ ಬೆಳಗಿನ ನಿದ್ದೆ ಹಾಳಾಯಿತಲ್ಲ ಎಂದು ಗೊಣಗಿದ.

ದೂರು ಎರಡು. ಗಾಡಿ ಬಂದ್ ಮಾಡಿದರೂ ಆ ಪೋರ್ಟಿಗೆ ಬ್ಯಾಟರಿಯ ಕರೆಂಟು ಇರುತ್ತದೆ, ಡಾಂಗಲ್ ಮಲಗುವುದಿಲ್ಲ. ಹಾಗೇ ಬಿಟ್ಟು ಐದು ದಿನ ಊರಿಗೆ ಹೋಗಿದ್ದೆ, ಬಂದಮೇಲೆ ತಳ್ಳಿ ಸ್ಟಾರ್ಟ್ ಮಾಡಬೇಕಾಯಿತು. ಎರಡನೆಯದು, ಈ ಹಳೇ ಬ್ಲೂಟೂತಿನ ಡಬ್ಬಿ ಆಂಡ್ರಾಯ್ಡಿಗೆ ಮಾತ್ರ ಸರಿ. ಬೆಂಗಳೂರಿನ ತಂಗಿ ನನ್ನ ಮಾತು ಕೇಳಿ ಇದನ್ನೇ ತರಿಸಿದಳು, ಅವಳದ್ದು ಐಫೋನ್. ವಾಪಸ್ ಕಳಿಸುವ ಗಡುವು ಮುಗಿದು, ಅದೂ ಈಗ ನನ್ನ ಡ್ರಾಯರಿನಲ್ಲೇ ಬಿದ್ದಿದೆ. ಶಿರಸಿಯಲ್ಲಿ ಯಾರಿಗಾದರೂ ಬೇಕಿದ್ದರೆ 600ಕ್ಕೆ ಕೊಡುತ್ತೇನೆ.